ಹಾರ್ಲನ್‌ನ ಪೀಪಾಯಿಗೊಂದು ಹಿಡಿಕೆ

ಗರಾಜಿನ ಹೊಸ್ತಿಲು ದಾಟಿ ಕಾಲಿಟ್ಟದ್ದೇ ತಡ, ಓರಿನ್‌ನ ಎಡಗಾಲಿನ ಕಾಲುಚೀಲ ತೊಯ್ದು ತೊಪ್ಪೆಯಾಯಿತು. ಮೊದಲು ಅವನಿಗೆ ರಾತ್ರಿ ಮಳೆ ಬಂದಿರಬೇಕು ಅನ್ನಿಸಿತು. ಸೂರು ಗಟ್ಟಿಯಾಗಿದೆಯಲ್ಲ, ಮಳೆ ಒಳಗೆ ಹೇಗೆ ಬಂತು ಅನ್ನಿಸಿತು. ಆಮೇಲೆ ವಾಸನೆ ಬಂತು, ಹುಳಿಹಿಟ್ಟಿನ ಪಾತ್ರೆ ಮುಚ್ಚಳ ತೆಗೆದಾಗ ಬರುವಂಥದು, ಅದರ ಹಿಂದೆಯೇ ಹುರಿದ ಬಾರ್ಲಿಯದು, ಮತ್ತು ಆ ವಾಸನೆಯನ್ನು ಮೂಗು ಗುರುತಿಸಿದ ಮೇಲೂ ತಲೆ ಗುರುತಿಸುವುದಿಲ್ಲ ಎಂದು ಹಟ ಹಿಡಿದು ನಿಂತಿತು. ದೀಪದ ಗುಂಡಿ ಒತ್ತಿದ. ಹಳೆಯ ಫ್ರಿಜ್ಜಿನ ಬಾಗಿಲಿಗೆ ಕೂರಿಸಿದ್ದ ನಲ್ಲಿಯ ಮೇಲೆ, ಅವನು ಮೂರು ವಾರ ಕೂತು ಕಡೆದ ಆಶ್ ಮರದ ಹಿಡಿಕೆ ಪೂರ್ತಿ ಮುಂದಕ್ಕೆ ಬಾಗಿಕೊಂಡಿತ್ತು, ಯಾರೋ ಲೋಟ ಹಿಡಿದು ತುಂಬಿಸುತ್ತಿರುವ ಹಾಗೆ. ಲೋಟವೂ ಇರಲಿಲ್ಲ, ಯಾರೂ ಇರಲಿಲ್ಲ. ನಲ್ಲಿಯ ಬಾಯಿಂದ ಬಿಯರೂ ಬರುತ್ತಿರಲಿಲ್ಲ, ಸುಮ್ಮನೆ ಗಾಳಿ ಸುಯ್ ಎನ್ನುತ್ತಿತ್ತು. ಅವನು ಒದ್ದೆ ಕಾಲಲ್ಲೇ ಹೋಗಿ ಹಿಡಿಕೆಯನ್ನು ಹಿಂದಕ್ಕೆ ತಳ್ಳಿದ, ಫ್ರಿಜ್ಜಿನ ಬಾಗಿಲು ತೆಗೆದು ಉಕ್ಕಿನ ಪೀಪಾಯಿಯ ಕಿವಿ ಹಿಡಿದು ಎತ್ತಿದ. ಖಾಲಿ ಬಕೆಟ್ಟಿನ ಹಾಗೆ ಎದ್ದು ಬಂತು. ಹಿಡಿಕೆ ಕಡೆಯಲು ಶುರು ಮಾಡಿದ ಭಾನುವಾರ ಇದನ್ನೇ ಅವನೂ ಗೆಳೆಯ ನಾರ್ಬರ್ಟನೂ ಏದುಸಿರು ಬಿಡುತ್ತ ಒಳಗೆ ಹೊತ್ತು ತಂದಿದ್ದರು.

ಹಾರ್ಲನ್ ಮಾಡಿಟ್ಟು ಹೋದ ಕೊನೆಯ ಬಿಯರ್ ಅದು. ಸರೋವರದ ದಂಡೆಯ ಆ ಊರಿನಲ್ಲಿ ಮನೆಯಲ್ಲೇ ಬಿಯರ್ ಕಾಯಿಸುವವರದು ಒಂದು ಬಳಗ, ಹನ್ನೆರಡೋ ಹದಿಮೂರೋ ಜನ, ಎಲ್ಲರಿಗೂ ಮಂಡಿನೋವು. ಬಳಗದವನೊಬ್ಬ ಸತ್ತರೆ ಅವನ ಕೊನೆಯ ಪೀಪಾಯಿಯನ್ನು ಯಾರೂ ಮುಟ್ಟುವ ಹಾಗಿಲ್ಲ. ಹತ್ತಿರದ ಗೆಳೆಯನೊಬ್ಬ ಅದಕ್ಕೆಂದೇ ಒಂದು ಮರದ ಹಿಡಿಕೆ ಮಾಡಬೇಕು, ಹಿಡಿಕೆ ಮುಗಿಯುವ ತನಕ ಪೀಪಾಯಿ ಆ ಗೆಳೆಯನ ಮನೆಯಲ್ಲೇ ಇರಬೇಕು, ಆಮೇಲೆ ಒಂದು ದಿನ ಎಲ್ಲರೂ ಸತ್ತವನ ಮನೆಯ ಗರಾಜಿನಲ್ಲಿ ಸೇರಿ, ಆ ಹಿಡಿಕೆಯನ್ನು ಒಬ್ಬೊಬ್ಬರಾಗಿ ಎಳೆದು ಒಂದೊಂದು ಲೋಟ ಕುಡಿದು ಪೀಪಾಯಿ ಬರಿದು ಮಾಡಬೇಕು. ಶವಸಂಸ್ಕಾರಕ್ಕೆ ಬರದವರೂ ಇದಕ್ಕೆ ಬರುತ್ತಾರೆ. ಹಾರ್ಲನ್‌ನದು ಶನಿವಾರ. ಇವತ್ತು ಗುರುವಾರ. ಗುರುವಾರ ತಾನೆ? ಓರಿನ್ ಕ್ಷಣ ನಿಂತು ಯೋಚಿಸಿದ. ಕಸದ ಗಾಡಿ ಬರುವ ಸದ್ದು ಬೀದಿಯ ಕೊನೆಯಿಂದ ಕೇಳಿತು. ಹೌದು, ಗುರುವಾರವೇ.

ನಿನ್ನೆ ಸಂಜೆ ಏನು ಮಾಡಿದೆ? ಅಗಸೆ ಎಣ್ಣೆಯ ಕೊನೆಯ ಕೈ ಹಚ್ಚಿದ್ದು ನೆನಪಿದೆ. ಬಟ್ಟೆಯಲ್ಲಿ ಒರೆಸಿ, ಬುಡದ ಹಿತ್ತಾಳೆ ತಿರುಪನ್ನು ನಲ್ಲಿಗೆ ತಿರುಗಿಸಿ, ಹೇಗೆ ಕಾಣುತ್ತದೆ ನೋಡೋಣ ಎಂದು ಎರಡು ಹೆಜ್ಜೆ ಹಿಂದೆ ಸರಿದು ನಿಂತದ್ದೂ ನೆನಪಿದೆ. ಆಮೇಲೆ ನಡೆದದ್ದು ನೆನಪಿಗೆ ಬರುತ್ತದೆ, ಆದರೆ ನಾಚಿಕೆಯನ್ನೂ ಜೊತೆಗೇ ಕರೆದುಕೊಂಡು ಬರುತ್ತದೆ. ಬರೇ ಒಂದು ಗುಟುಕು. ಹಿಡಿಕೆ ಸಲೀಸಾಗಿ ಎಳೆಯುತ್ತದೋ ಇಲ್ಲವೋ ನೋಡಬೇಡವೇ ಎಂದು ತನಗೆ ತಾನೇ ಹೇಳಿಕೊಂಡು, ಕಳ್ಳನ ಹಾಗೆ ಮನೆಯ ಕಡೆಗೊಮ್ಮೆ ನೋಡಿ, ಕಾಫಿ ಲೋಟದ ತಳದಷ್ಟು ಹಿಡಿದು ಬಾಯಿಗೆ ಹಾಕಿಕೊಂಡಿದ್ದ. ಹುಳಿ. ಒಳ್ಳೆಯ ಹುಳಿಯಲ್ಲ, ಕೆಟ್ಟ ಹುಳಿ, ಹಳಸಿದ ಸೇಬಿನ ರಸದ್ದು. ಹಾರ್ಲನ್‌ನ ಬಿಯರ್ ಕೆಡುವುದೇ? ಜಿಲ್ಲೆಯ ಜಾತ್ರೆಯಲ್ಲಿ ವರ್ಷ ಬಿಟ್ಟು ವರ್ಷ ಮೊದಲ ಬಹುಮಾನದ ನೀಲಿ ಪಟ್ಟಿ ಗೆದ್ದವನ ಬಿಯರ್? ಹಾಗಾದರೆ ನನ್ನ ನಾಲಿಗೆಯೇ ಕೆಟ್ಟಿತೋ, ಇಲ್ಲಾ ಅವನು ಸತ್ತ ಮೇಲೂ ನನ್ನ ಹೊಟ್ಟೆಯುರಿ ಆರದೆ ನಾಲಿಗೆಯ ಮೇಲೆ ಬಂದು ಕೂತಿತೋ ಎಂದು ಅಲ್ಲೇ ನಿಂತು ಯೋಚಿಸಿದ್ದ. ಅಷ್ಟರಲ್ಲಿ ಹೆಂಡತಿ ಮಾರ್ಲಿಸ್ ಊಟಕ್ಕೆ ಕರೆದಿದ್ದಳು. ಅಲ್ಲಿಗೆ ನೆನಪು ಕಡಿದುಹೋಗುತ್ತದೆ. ಕೈ ಹಿಡಿಕೆಯನ್ನು ಹಿಂದಕ್ಕೆ ತಳ್ಳಿತೇ? ತಳ್ಳಿದ ಹಾಗೆ ಅನ್ನಿಸುತ್ತದೆ. ಆದರೆ ಅದು ನಿನ್ನೆಯದೋ, ಇಷ್ಟು ವರ್ಷ ಸಾವಿರ ಸಲ ತಳ್ಳಿದ್ದರಲ್ಲಿ ಯಾವುದೋ ಒಂದೋ, ದೇವರೇ ಬಲ್ಲ.

ಅವನು ಶಾಲೆಯ ಬಸ್ಸು ಓಡಿಸಿದವನು. ಕೊನೆಯ ಮಗು ಇಳಿದ ಮೇಲೆ, ಹಿಮ ಬೀಳಲಿ ಬೆಂಕಿ ಬೀಳಲಿ, ಬಸ್ಸಿನ ಹಿಂದಿನ ಸೀಟಿನವರೆಗೂ ನಡೆದು, ಯಾವುದಾದರೂ ಮಗು ನಿದ್ದೆಹೋಗಿ ಉಳಿದಿದೆಯೇ ಎಂದು ಪ್ರತಿ ಸೀಟಿನ ಕೆಳಗೂ ಬಗ್ಗಿ ನೋಡಿಯೇ ಬೀಗ ಹಾಕುತ್ತಿದ್ದ. ಒಂದು ದಿನ ತಪ್ಪಿಸಿದವನಲ್ಲ. ಅಂಥವನು ಜೂನ್ ತಿಂಗಳಲ್ಲಿ ಒಲೆ ಉರಿಯುತ್ತಿರುವಾಗಲೇ ಮೀನು ಹಿಡಿಯಲು ಹೋಗಿದ್ದ. ಮಾರ್ಲಿಸ್ ಆ ದಿನ ಬಯ್ಯಲಿಲ್ಲ, ಅದೇ ಅವನಿಗೆ ಹೆದರಿಕೆ ಹುಟ್ಟಿಸಿದ್ದು. ಬದಲಿಗೆ ಮೃದುವಾಗಿ, "ಒಂದ್ಸಲ ಡಾಕ್ಟರಿಗೆ ತೋರಿಸಿಕೊಂಡು ಬರೋಣ್ವಾ?" ಅಂದಿದ್ದಳು. ಅಲ್ಲಿ ನೆನಪು ಸರಿಯಿದೆಯೇ ನೋಡಲು ಗಡಿಯಾರದ ಚಿತ್ರ ಬರೆಸುತ್ತಾರಂತೆ. ಅವನ ಅಪ್ಪನಿಗೂ ಬರೆಸಿದ್ದರು. ಅಪ್ಪ ಎಲ್ಲ ಅಂಕೆಗಳನ್ನೂ ಒಂದೇ ಕಡೆ ಗುಡ್ಡೆ ಹಾಕಿ, ಬಹಳ ಹೆಮ್ಮೆಯಿಂದ ಕಾಗದವನ್ನು ಡಾಕ್ಟರಿಗೆ ಕೊಟ್ಟಿದ್ದ. ಅಪ್ಪ ಆಮೇಲೆ ಮಂಗಳವಾರ, ಭಾನುವಾರವೆಂದು ತಿಳಿದು, ಕೋಟು ಹಾಕಿಕೊಂಡು ಚರ್ಚಿಗೆ ಹೋಗಿ ಬೀಗ ಹಾಕಿದ ಬಾಗಿಲ ಮುಂದೆ ಪಾದ್ರಿಯನ್ನು ಬಯ್ಯುತ್ತ ನಿಂತಿರುತ್ತಿದ್ದ. ಓರಿನ್ ಡಾಕ್ಟರ ಮಾತು ಬಂದಾಗಲೆಲ್ಲ ಗರಾಜಿಗೆ ಬಂದುಬಿಡುತ್ತಿದ್ದ, ಕಡೆಯುವ ಯಂತ್ರದ ಮೇಲೆ ಬಿದ್ದ ಮರದ ಹುಡಿಯಲ್ಲಿ ಬೆರಳಿಂದ ದುಂಡಗೆ ಗೆರೆ ಎಳೆದು, ಹನ್ನೆರಡು, ಮೂರು, ಆರು, ಒಂಬತ್ತು ಎಂದು ಬರೆದು, ಸರಿಯಾಗಿದೆ ಎಂದು ಗಟ್ಟಿ ಮಾಡಿಕೊಂಡು, ಉಫ್ ಎಂದು ಊದಿಬಿಡುತ್ತಿದ್ದ.

"ಏನ್ ಇದು, ಇಷ್ಟೊಂದು ಕಣಜ?" ಮಾರ್ಲಿಸ್ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆ. ಓರಿನ್ ಆಗಲೇ ನೆಲಕ್ಕೆ ನೀರು ಬಿಟ್ಟು ಪೊರಕೆಯಿಂದ ಮೋರಿಯ ಕಡೆ ತಳ್ಳುತ್ತಿದ್ದ. ತೆರೆದ ದೊಡ್ಡ ಬಾಗಿಲಿಂದ ಹಳದಿ ಕಣಜಗಳು ಒಂದೊಂದೇ ಒಳಗೆ ಬಂದು ಮೋರಿಯ ಜಾಲರಿಯ ಮೇಲೆ ಕೂರುತ್ತಿದ್ದವು, ಅವಕ್ಕೂ ಯಾರೋ ಹೇಳಿಕಳಿಸಿದ ಹಾಗೆ.

"ನನ್ನ ಬಿಯರ್ ಸ್ವಲ್ಪ ಚೆಲ್ತು."

"ಸ್ವಲ್ಪ ಅಂತೀಯ, ಮನೆಯೆಲ್ಲಾ ನಾರ್ತಿದೆ. ಹಾರ್ಲನ್‌ದು ಹುಷಾರಾಗಿದೆ ತಾನೆ?"

"ಹುಷಾರಾಗೇ ಇದೆ."

"ಕಾಲುಚೀಲ ಬಿಚ್ಚೋ ಮಾರಾಯ, ಶೀತ ಆಗುತ್ತೆ." ಅವಳು ಹಿಡಿಕೆಯನ್ನು ನೋಡಿದಳು. "ಚೆನ್ನಾಗಿದೆ ಓರಿನ್. ನಿಜವಾಗ್ಲೂ. ಹಾರ್ಲನ್ ಥರಾನೇ ಇದೆ, ಮೈಗಿಂತ ತಲೆ ದಪ್ಪ."

ಅವಳು ಒಳಗೆ ಹೋದಳು. ಸುಳ್ಳು ಇಷ್ಟು ಸಲೀಸಾಗಿ ಬಂದದ್ದಕ್ಕೆ ಓರಿನ್‌ಗೇ ಆಶ್ಚರ್ಯವಾಯಿತು. ಸುಳ್ಳು ಹೇಳುವಷ್ಟು ತಲೆ ಓಡುತ್ತದೆ ಅಂದರೆ ನೆನಪೂ ಸರಿಯಾಗಿಯೇ ಇರಬೇಕಲ್ಲವೇ? ಹಾಗೆ ಲೆಕ್ಕ ಹಾಕಲಾಗುವುದಿಲ್ಲ ಎಂದು ಮರುಕ್ಷಣ ಅನ್ನಿಸಿತು. ಅಪ್ಪ ಕೊನೆಯವರೆಗೂ ಸೊಗಸಾಗಿ ಸುಳ್ಳು ಹೇಳುತ್ತಿದ್ದ. ಆಗ ಅವಳ ಮಾತು ತಿರುಗಿ ಕೇಳಿದಂತಾಯಿತು. ಮೈಗಿಂತ ತಲೆ ದಪ್ಪ. ಅವನು ಪೊರಕೆ ಬಿಟ್ಟು ಹಿಡಿಕೆಯ ಮುಂದೆ ನಿಂತ. ಹಾರ್ಲನ್‌ನ ಹಿತ್ತಲಲ್ಲಿದ್ದ ಆಶ್ ಮರಕ್ಕೆ ಹುಳ ಬಿದ್ದು ಕಡಿಸಿದಾಗ ಉಳಿಸಿಟ್ಟ ತುಂಡು ಅದು. ತುದಿಯಲ್ಲಿ ಮುಷ್ಟಿಯಷ್ಟು ದೊಡ್ಡ ಗಂಟು, ಒಳಗೆ ಸುಳಿ ಸುಳಿಯಾಗಿ ಎಳೆಗಳು. ಅದನ್ನು ಕಡೆದು ಸಣ್ಣದು ಮಾಡಲು ಮನಸ್ಸು ಬಂದಿರಲಿಲ್ಲ. ಗಂಟು ಹಾಗೇ ಬಿಟ್ಟು, ಕೆಳಗಿನ ಕುತ್ತಿಗೆಯನ್ನಷ್ಟೇ ಸಪೂರ ಮಾಡಿದ್ದ. ಹಿಡಿಕೆ ತಾನೇ ಬಿದ್ದಿದ್ದರೆ? ಮೇಲಿನ ಭಾರಕ್ಕೆ ತಾನೇ ಮುಂದೆ ಬಾಗಿ ನಲ್ಲಿ ತೆರೆದುಕೊಂಡಿದ್ದರೆ? ಅವನು ಹಿಡಿಕೆಯನ್ನು ನೆಟ್ಟಗೆ ನಿಲ್ಲಿಸಿ, ಬಕೆಟ್ ಬೋರಲು ಹಾಕಿಕೊಂಡು ಅದರೆದುರು ಕೂತ.

ಹಿಡಿಕೆ ಬೀಳಲಿಲ್ಲ. ಅವನು ಕಾದ. ಫ್ರಿಜ್ಜು ಗುರ್ ಎಂದು ಶುರುವಾಗಿ, ನಡುಗಿ, ನಿಂತಿತು. ಬೀಳಲಿಲ್ಲ. "ಬೀಳೋ," ಎಂದ ಮೆಲ್ಲಗೆ. "ಬೀಳೋ ಮಾರಾಯ, ನಿನ್ನ ದಮ್ಮಯ್ಯ." ಫ್ರಿಜ್ಜಿನ ಬಾಗಿಲನ್ನು ಧಡಾರನೆ ಮುಚ್ಚಿದ. ಗಂಟು ಸ್ವಲ್ಪ ಅಲುಗಿತು, ಅಷ್ಟೆ, ಮದುವೆಮನೆಯಲ್ಲಿ ತೂಕಡಿಸುವ ಮುದುಕನ ಹಾಗೆ ತಲೆ ಆಡಿಸಿ ಮತ್ತೆ ನೆಟ್ಟಗಾಯಿತು. ಬೆರಳಿಂದ ತಟ್ಟಿದ. ನಿಂತೇ ಇತ್ತು. ತಾನು ಮಾಡಿದ ವಸ್ತು ಕೆಟ್ಟದ್ದಾಗಿರಲಿ ಎಂದು ಯಾವ ಕೆಲಸಗಾರನಾದರೂ ಹೀಗೆ ಹಾರೈಸಿಯಾನೇ? ಅವನು ಹಾರೈಸಿದ, ಬೇಡಿಕೊಂಡ, ಕೊನೆಗೆ ಕಣ್ಣಲ್ಲಿ ನೀರು ಬಂತು. ಹಿಡಿಕೆ ಚೊಕ್ಕವಾಗಿತ್ತು. ಕೆಟ್ಟಿರುವುದು ತನ್ನ ತಲೆಯೇ.

ಹಾರ್ಲನ್ ಹೇಳುತ್ತಿದ್ದ, ಅವನ ಗರಾಜಿನಲ್ಲಿ ಸಾಸೇಜು ಸುಡುತ್ತ, ಎಲ್ಲರೆದುರಿಗೆ: "ಓರಿನ್ ಬಿಯರ್ ಅವನ ಬಸ್ಸಿನ ಥರ ಕಣ್ರೋ. ಹೊತ್ತಿಗೆ ಸರಿಯಾಗಿ ಬರುತ್ತೆ, ಎಲ್ಲರನ್ನೂ ಮನೆ ಮುಟ್ಟಿಸುತ್ತೆ, ಇಳಿದ ಮೇಲೆ ಯಾರಿಗೂ ಜ್ಞಾಪಕ ಇರಲ್ಲ." ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಓರಿನ್ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಅದೇ ಹಾರ್ಲನ್, ಮಾರ್ಲಿಸ್‌ಗೆ ಶಸ್ತ್ರಚಿಕಿತ್ಸೆಯಾದಾಗ ಎರಡು ವಾರ ದಿನಾ ಸಂಜೆ ಬಂದು ಇವರ ಮನೆ ಮುಂದಿನ ಹಿಮ ಗೋರಿ ಹಾಕಿ, ಬಾಗಿಲನ್ನೂ ತಟ್ಟದೆ ಹೋಗುತ್ತಿದ್ದ. ಅಂಥವನ ಮೇಲೆ ಸಿಟ್ಟು ಇಟ್ಟುಕೊಳ್ಳುವುದಾದರೂ ಹೇಗೆ? ಇಟ್ಟುಕೊಳ್ಳದೆ ಇರುವುದಾದರೂ ಹೇಗೆ? ಸಾಯುವ ಮುಂಚೆ ಆಸ್ಪತ್ರೆಯಲ್ಲಿ ಕೈ ಹಿಡಿದುಕೊಂಡಾಗ ಹಾರ್ಲನ್ ಹೇಳಿದ ಕೊನೆಯ ಮಾತೂ ಅಪ್ಪಣೆಯ ಹಾಗೇ ಇತ್ತು: "ಹಿಡಿಕೆ ನೀನೇ ಮಾಡ್ತೀಯ, ನಂಗೊತ್ತು. ತಲೆ ಹಗುರ ಇರಲಿ. ನೀನು ಯಾವಾಗ್ಲೂ ಮೇಲೆ ಭಾರ ಬಿಡ್ತೀಯ." ಆಗಲಿ ಎಂದಿದ್ದ ಓರಿನ್. ಆಮೇಲೆ ಮರ ಕಡೆಯುವಾಗ, ಉಳಿ ಗಂಟಿನ ಹತ್ತಿರ ಬಂದಾಗಲೆಲ್ಲ, ಸತ್ತವನು ಭುಜದ ಹಿಂದೆ ನಿಂತು ಗೊಣಗಿದಂತಾಗಿ, ಇವನ ಕೈ ಹಟಕ್ಕೆ ಬಿದ್ದ ಹಾಗೆ ಗಂಟನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಹಾಗಾದರೆ ನಿನ್ನೆ ಸಂಜೆಯೂ ಕೈ ಹಟಕ್ಕೆ ಬಿತ್ತೇ? ರುಚಿ ನೋಡಿ, ಹುಳಿ ಎಂದು ಗೊತ್ತಾಗಿ, ಕೆಟ್ಟ ಬಿಯರ್ ಕುಡಿದು ಎಲ್ಲರೂ ಹಾರ್ಲನ್‌ನ ಹೆಸರು ಕೆಡಿಸುವುದು ಬೇಡ ಎಂದು ಬಿಟ್ಟುಬಿಟ್ಟೆನೇ? ಇಲ್ಲಾ ಹಾರ್ಲನ್‌ನದು ಒಳ್ಳೆಯದೇ ಆಗಿದ್ದು, ನನ್ನ ಹೊಟ್ಟೆಕಿಚ್ಚಿಗೆ ಅದನ್ನು ನೆಲದ ಪಾಲು ಮಾಡಿ, ಆಮೇಲೆ ಮರೆತ ಹಾಗೆ ನಾಟಕ ಆಡುತ್ತಿದ್ದೇನೆಯೇ? ಮರೆತದ್ದೋ, ಮಾಡಿದ್ದೋ? ಮರೆತದ್ದಾದರೆ ಅಪ್ಪನ ದಾರಿ. ಮಾಡಿದ್ದಾದರೆ ತಾನು ಇಷ್ಟು ವರ್ಷ ಒಳ್ಳೆಯ ಗೆಳೆಯ ಎಂದು ನಂಬಿಸಿಕೊಂಡು ಬಂದ ನೀಚ. ಎರಡರಲ್ಲಿ ಯಾವುದು ಆಗಿರಲಿ ಎಂದು ಬೇಡಿಕೊಳ್ಳಬೇಕು ಎನ್ನುವುದೂ ಅವನಿಗೆ ಗೊತ್ತಾಗಲಿಲ್ಲ.

ಗರಾಜಿನ ಮೂಲೆಯಲ್ಲಿ, ಹಳೆಯ ಕಂಬಳಿಯ ಕೆಳಗೆ, ಅವನದೇ ಒಂದು ತುಂಬಿದ ಪೀಪಾಯಿ ಇತ್ತು. ಹಾರ್ಲನ್ ಹೇಳಿಕೊಟ್ಟ ಕ್ರಮದಲ್ಲೇ ಕಾಯಿಸಿದ ಕಂದು ಬಿಯರ್, ಅದೇ ಬಾರ್ಲಿ, ಕಹಿಗೆ ಹಾಕುವುದು ಹಾರ್ಲನ್‌ನ ಬೇಲಿಯ ಮೇಲೆ ಹಬ್ಬಿದ ಬಳ್ಳಿಯದೇ ಹಾಪ್ ಹೂ. ಆ ಪೀಪಾಯಿ ಅಲ್ಲಿದೆ ಎಂದು ಬೆಳಗ್ಗೆ ಕಾಲುಚೀಲ ನೆನೆದ ಗಳಿಗೆಯಿಂದಲೂ ಅವನಿಗೆ ಗೊತ್ತಿತ್ತು. ಬದಲಿಸುವ ಯೋಚನೆ ಮಾತ್ರ, ಊಟದ ಹೊತ್ತಿಗೆ ಬರುವ ನೆಂಟನ ಹಾಗೆ, ಮಧ್ಯಾಹ್ನಕ್ಕೆ ಬಂತು. ಲೊರೇನ್‌ಗೆ ಫೋನು ಮಾಡಿ, ನಿನ್ನ ಗಂಡನ ಕೊನೆಯ ಬಿಯರ್ ನನ್ನ ಗರಾಜಿನ ಮೋರಿಗೆ ಹೋಯಿತು ಎಂದು ಹೇಳಲು ಎರಡು ಸಲ ಫೋನು ಕೈಗೆ ತೆಗೆದುಕೊಂಡ. ಹೇಗಾಯ್ತು ಎಂದು ಅವಳು ಕೇಳುತ್ತಾಳೆ. ಗೊತ್ತಿಲ್ಲ ಎನ್ನಬೇಕು. ಗೊತ್ತಿಲ್ಲ ಎಂದದ್ದು ಮಾರ್ಲಿಸ್ ಕಿವಿಗೆ ಬೀಳುತ್ತದೆ. ಆಮೇಲೆ ಗಡಿಯಾರ. ಅವನು ಫೋನು ಕೆಳಗಿಟ್ಟ. ಹಾರ್ಲನ್‌ನ ಪೀಪಾಯಿಯನ್ನು ಬಿಸಿನೀರು ಹಾಕಿ ತೊಳೆದ. ಕೊಳವೆಯ ಒಂದು ತುದಿ ಇಲ್ಲಿ, ಇನ್ನೊಂದು ತುದಿ ಅಲ್ಲಿ. ತನ್ನ ಬಿಯರ್ ತಣ್ಣಗೆ, ಸದ್ದಿಲ್ಲದೆ, ಸತ್ತವನ ಪೀಪಾಯಿಗೆ ಇಳಿಯುವುದನ್ನು ಕೊಳವೆಯ ಮೇಲೆ ಕೈಯಿಟ್ಟು ಕೇಳುತ್ತ ನಿಂತ. ಈ ಕೆಲಸದಲ್ಲಿ ಮಾತ್ರ ಕೈ ಒಂದಿಷ್ಟೂ ಮರೆಯಲಿಲ್ಲ, ಒಂದು ಹನಿ ಚೆಲ್ಲಲಿಲ್ಲ.

ಶನಿವಾರ ಬೆಳಗ್ಗೆ ನಾರ್ಬರ್ಟ್ ತನ್ನ ಪಿಕಪ್ ಗಾಡಿ ತಂದ. ಬಳಗಕ್ಕೆ ಹಿರಿಯ ಅವನೇ; ದನಿ ದೊಡ್ಡದು, ಕಣ್ಣೀರು ಬೇಗ. ಪೀಪಾಯಿಯ ಒಂದು ಕಿವಿ ಹಿಡಿದೆತ್ತಿ, "ಅಬ್ಬಾ, ಏನ್ ಭಾರ! ಒಂದು ಹನೀನೂ ಮುಟ್ಟಿಲ್ಲ ನೀನು. ನಾನಾಗಿದ್ರೆ ಅರ್ಧ ಮುಗಿಸಿರ್ತಿದ್ದೆ ಕಣೋ, ಆಣೆಗೂ," ಎಂದು ಬೆನ್ನು ಚಪ್ಪರಿಸಿದ. ಓರಿನ್‌ಗೆ ಆ ಏಟು ಊಟವಾದ ಮೇಲೂ ನೋಯುತ್ತಿತ್ತು.

ಲೊರೇನ್ ಗರಾಜಿನ ದೊಡ್ಡ ಬಾಗಿಲನ್ನು ಪೂರ್ತಿ ಎತ್ತಿಸಿದ್ದಳು. ಮಡಿಸುವ ಕುರ್ಚಿಗಳು, ಉದ್ದನೆ ಮೇಜಿನ ಮೇಲೆ ಹ್ಯಾಮ್ ಇಟ್ಟ ಬನ್ನು, ಆಲೂಗೆಡ್ಡೆಯ ಸಲಾಡು, ಉಪ್ಪಿನಕಾಯಿ ಹಾಕಿದ ಮೀನು. ಹೊರಗೆ ಹಿತ್ತಲಲ್ಲಿ ಆಶ್ ಮರದ ಬುಡ, ಅದರ ಮೇಲೆ ಯಾರೋ ಹಾರ್ಲನ್‌ನ ಮೀನು ಹಿಡಿಯುವ ಟೋಪಿ ಇಟ್ಟಿದ್ದರು. ಪೀಪಾಯಿಯನ್ನು ಹಾರ್ಲನ್‌ನ ಫ್ರಿಜ್ಜಿಗೇ ಇಟ್ಟು, ಅವನ ನಲ್ಲಿಗೇ ಹಿಡಿಕೆಯನ್ನು ತಿರುಗಿಸಿದ್ದಾಯಿತು. ಹಾರ್ಲನ್ ತನ್ನ ನಲ್ಲಿಯನ್ನು ವಾರಕ್ಕೊಮ್ಮೆ ಬಿಚ್ಚಿ ತೊಳೆದು ಜಿಡ್ಡು ಹಚ್ಚಿಡುತ್ತಿದ್ದವನು. ತಿರುಗಿಸುವಾಗ ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯಿತು. ಮೊದಲ ಲೋಟ ಲೊರೇನಳದು. ಎತ್ತರದ ಹೆಂಗಸು, ಕೂದಲನ್ನು ತಾನೇ ಕತ್ತರಿಸಿಕೊಂಡ ಹಾಗಿತ್ತು. ಹಿಡಿಕೆಯ ಗಂಟಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಒಂದು ಕ್ಷಣ ನಿಂತಳು, ಮದ್ದು ಕುಡಿಯುವವಳ ಹಾಗೆ ಒಂದು ಗುಟುಕು ತೆಗೆದುಕೊಂಡಳು. ಅವಳ ಹುಬ್ಬು ಮೇಲೇರಿತು. ಇನ್ನೊಂದು ಗುಟುಕು ಕುಡಿದು ಲೋಟದೊಳಗೆ ನೋಡಿದಳು. ಆಮೇಲೆ ಓರಿನ್‌ನನ್ನು ನೋಡಿದಳು. ಪಕ್ಕಕ್ಕೆ ಸರಿದು ಮುಂದಿನವರಿಗೆ ಜಾಗ ಬಿಟ್ಟಳು.

ಒಬ್ಬೊಬ್ಬರಾಗಿ ಎಲ್ಲರೂ ಬಂದರು, ಎಳೆದರು, ಕುಡಿದರು. "ಇದಪ್ಪಾ ಬಿಯರ್ ಅಂದ್ರೆ!" ಎಂದ ನಾರ್ಬರ್ಟ್, ಮೀಸೆಯ ಮೇಲೆ ನೊರೆ, ಕಣ್ಣಲ್ಲಿ ನೀರು. "ಕೊನೇ ತನಕ ಕೈ ತಪ್ಪಲಿಲ್ಲ ನೋಡ್ರೋ ಅವನದು. ಓರಿನ್, ಬೇಜಾರು ಮಾಡ್ಕೋಬೇಡ, ನೀನು ತಲೆಕೆಳಗಾಗಿ ನಿಂತ್ರೂ ಇಂಥದ್ದು ನಿನ್ನ ಕೈಲಿ ಆಗಲ್ಲ." ಎಲ್ಲರೂ ನಕ್ಕರು. ಓರಿನ್ ಎಲ್ಲರಿಗಿಂತ ಜೋರಾಗಿ ನಗಲು ಹೋದ, ಗಂಟಲಿನಿಂದ ಬೇರೆಯೇ ಏನೋ ಸದ್ದು ಬಂತು. ಜೀವಮಾನವಿಡೀ ಕಾದಿದ್ದ ಹೊಗಳಿಕೆ ಬಂದಿತ್ತು, ಪಕ್ಕದ ಮನೆಯ ವಿಳಾಸಕ್ಕೆ. ಖುಷಿಯೂ ಆಯಿತು, ಸುಳ್ಳಲ್ಲ, ಎದೆಯೊಳಗೆ ಬೆಚ್ಚಗೆ ಏನೋ ಹರಡಿತು, ಅದು ಹರಡಿದ್ದಕ್ಕೇ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ಪಕ್ಕದಲ್ಲಿದ್ದ ಮಾರ್ಲಿಸ್ ಅವನ ತೋಳು ಒತ್ತಿ, "ಅಳಬೇಕು ಅನ್ಸಿದ್ರೆ ಅಳು," ಅಂದಳು.

ನಾರ್ಬರ್ಟ್ ಎಲ್ಲರನ್ನೂ ನಿಲ್ಲಿಸಿದ. ಟೋಪಿಗಳು ಕೆಳಗಿಳಿದವು. ಹಾರ್ಲನ್‌ಗೋಸ್ಕರ ಒಂದು ನಿಮಿಷ ಮೌನ. ಸರೋವರದ ಕಡೆಯಿಂದ ಗಾಳಿ ಬಂದು ಕಾಗದದ ತಟ್ಟೆಯೊಂದನ್ನು ಎತ್ತಿ ಹಾಕಿತು. ಫ್ರಿಜ್ಜು ಗುರ್ ಎಂದು ಶುರುವಾಯಿತು. ಆಗ, ಯಾರೂ ಹತ್ತಿರವಿಲ್ಲದೆ, ಯಾರ ಕೈಯೂ ಸೋಕದೆ, ಆಶ್ ಮರದ ಹಿಡಿಕೆ ಮೆಲ್ಲಗೆ ತಲೆ ಆಡಿಸಿತು, ಆಡಿಸಿ, ಒಪ್ಪಿಕೊಂಡ ಹಾಗೆ ಮುಂದಕ್ಕೆ ಬಗ್ಗಿತು. ಬಿಯರ್ ಧಾರೆಯಾಗಿ ಸಿಮೆಂಟಿನ ನೆಲಕ್ಕೆ ಬಿದ್ದು, ಇಳಿಜಾರಿನಲ್ಲಿ ಬಾಗಿಲ ಕಡೆಗೆ, ನಿಂತವರ ಬೂಟುಗಳ ನಡುವೆ ಹರಿಯತೊಡಗಿತು. ಯಾರೂ ಅಲುಗಾಡಲಿಲ್ಲ. ಹೆಂಗಸೊಬ್ಬಳು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. "ಬಂದ," ಎಂದು ನಾರ್ಬರ್ಟ್ ಪಿಸುಗುಟ್ಟಿದ, ಆಮೇಲೆ ಕೂಗಿಯೇಬಿಟ್ಟ, "ಹಾರ್ಲನ್ ಬಂದ ಕಣ್ರೋ! ತನ್ನ ಪಾಲು ತಾನೇ ತಗೋತಾ ಇದಾನೆ!"

"ಹಾರ್ಲನ್ ಅಲ್ಲ!" ಆ ದನಿ ತನ್ನದೇ ಎಂದು ಓರಿನ್‌ಗೆ ತಕ್ಷಣ ತಿಳಿಯಲಿಲ್ಲ. ಅವನು ಎರಡು ಕೈಯನ್ನೂ ಮೇಲೆತ್ತಿಕೊಂಡು, ನಗುತ್ತ, ಬಿಯರಿನ ಮೇಲೆ ಹೆಜ್ಜೆ ಜಾರಿಸುತ್ತ ಮುಂದೆ ಬಂದಿದ್ದ. "ಹಾರ್ಲನ್ ಅಲ್ರೋ, ಹಿಡಿಕೆ! ತಲೆಭಾರ! ತಾನೇ ಬೀಳುತ್ತೆ ಅದು! ನೋಡಿದ್ಯಾ ಮಾರ್ಲಿಸ್, ನೋಡಿದ್ಯಾ? ನಾನು ತೆರೆದು ಬಿಟ್ಟಿರಲಿಲ್ಲ! ನಾನು ಮರೀಲಿಲ್ಲ ಕಣೇ! ಗುರುವಾರ ಒಳಗೆಲ್ಲಾ ಬಿಯರ್ ಒಣಗಿ ನಲ್ಲಿ ಅಂಟಿಕೊಂಡಿತ್ತು, ಅದಕ್ಕೇ ಬೀಳಲಿಲ್ಲ, ಇಲ್ಲಿ ನೋಡು, ಚೊಕ್ಕ ನಲ್ಲಿ, ಬಿತ್ತು!" ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅಷ್ಟು ಹಗುರ ಅವನಿಗೆ ಬಸ್ಸಿನ ಕೆಲಸ ಬಿಟ್ಟ ದಿನವೂ ಅನ್ನಿಸಿರಲಿಲ್ಲ.

"ಗುರುವಾರ ಏನಾಯ್ತು?" ಎಂದ ನಾರ್ಬರ್ಟ್.

ಆಗ ಓರಿನ್‌ಗೆ ತಾನು ಏನು ಹೇಳಿಬಿಟ್ಟೆ ಎಂದು ತಿಳಿಯಿತು. ಅವನು ಹೋಗಿ ಹಿಡಿಕೆಯನ್ನು ಹಿಂದಕ್ಕೆ ತಳ್ಳಿ ಹಿಡಿದುಕೊಂಡ. ಧಾರೆ ನಿಂತಿತು. "ಹಾರ್ಲನ್‌ದು ಎಲ್ಲಾ ಚೆಲ್ಲಿಹೋಯ್ತು," ಎಂದ. "ನಮ್ಮ ಗರಾಜಿನಲ್ಲಿ. ಹೀಗೇ. ಯಾರಿಗೂ ಹೇಳೋ ಧೈರ್ಯ ಬರಲಿಲ್ಲ."

"ಮತ್ತೆ ನಾವು ಕುಡಿದಿದ್ದು?"

"ನಂದು."

ನಾರ್ಬರ್ಟ್ ಲೋಟವನ್ನು ನೋಡಿದ, ಮೋಸ ಹೋದವನ ಮುಖ ಮಾಡಿಕೊಂಡು ಅದನ್ನು ಮೇಜಿನ ಮೇಲಿಟ್ಟ. "ಥೂ," ಎಂದ. "ಸತ್ತವನ ಹೆಸರಲ್ಲಿ! ನಿಂಗೆ ನಾಚಿಕೆ ಆಗಲಿಲ್ವೇನೋ?" ಇನ್ನಿಬ್ಬರೂ ಲೋಟ ಕೆಳಗಿಟ್ಟರು. ಓರಿನ್ ತಲೆ ತಗ್ಗಿಸಿದ. ಆದರೂ ಆ ಹಗುರ ಹೋಗಿರಲಿಲ್ಲ, ಅದಕ್ಕೇನು ಮಾಡಬೇಕು ಅವನಿಗೆ ತಿಳಿಯಲಿಲ್ಲ.

ಲೊರೇನ್ ತನ್ನ ಲೋಟವನ್ನು ಪೂರ್ತಿ ಮುಗಿಸಿ, ಅಂಗಿಯ ತೋಳಲ್ಲಿ ಬಾಯಿ ಒರೆಸಿಕೊಂಡು ಅವನ ಎದುರು ಬಂದು ನಿಂತಳು. "ಮೊದಲ್ನೇ ಗುಟುಕಿಗೇ ಗೊತ್ತಾಯ್ತು ನಂಗೆ," ಅಂದಳು. "ಅವನದು ಹುಳಿ ಬಂದಿತ್ತು. ಆ ಔಷಧಿ ಶುರುವಾದಮೇಲೆ ಅವನಿಗೆ ರುಚಿ ಅನ್ನೋದೇ ಹೋಗಿತ್ತು, ಉಪ್ಪು ಯಾವ್ದು ಸಕ್ಕರೆ ಯಾವ್ದು ಗೊತ್ತಾಗ್ತಿರಲಿಲ್ಲ, ಆದ್ರೂ ಒಲೆ ಮುಂದೆ ಕುರ್ಚಿ ಹಾಕ್ಕೊಂಡು ಕೂತು ಕಾಯಿಸಿದ. ಕೆಟ್ಟಿದೆ ಅಂತ ಹೇಳೋಕೆ ನಂಗೆ ಬಾಯಿ ಬರಲಿಲ್ಲ. ಇವತ್ತು ನೀವೆಲ್ಲಾ ಕುಡಿದು ಮುಖ ಹಿಂಡ್ತೀರ, ಅದನ್ನ ನೋಡಬೇಕಲ್ಲಾ ಅಂತ ವಾರದಿಂದ ಸಾಯ್ತಾ ಇದ್ದೆ." ಅವಳು ನಾರ್ಬರ್ಟ್‌ನ ಕಡೆ ತಿರುಗಿದಳು. "ಲೋಟ ತಗೊಳೋ ಮುದುಕ. ಈಗ ತಾನೆ ಚೆನ್ನಾಗಿದೆ ಅಂತ ಕಣ್ಣೀರು ಹಾಕ್ದೆಯಲ್ಲ."

ಯಾರೋ ಕಿಸಕ್ಕನೆ ನಕ್ಕರು. ನಾರ್ಬರ್ಟ್ ಗೊಣಗುತ್ತ ಲೋಟ ಎತ್ತಿಕೊಂಡ. ಲೊರೇನ್ ದನಿ ತಗ್ಗಿಸಿ, "ನೀನು ರುಚಿ ನೋಡಿದ್ದೆ ಅಲ್ವಾ?" ಎಂದು ಓರಿನ್‌ನನ್ನು ಕೇಳಿದಳು.

"ಒಂದು ಗುಟುಕು."

"ಅಂದ್ಕೊಂಡೆ. ಅದಕ್ಕೇ ನೀನೇ ಚೆಲ್ಲಿದೆ ಅಂದ್ಕೊಂಡೆ."

"ನಾನಲ್ಲ ಲೊರೇನ್. ಹಿಡಿಕೆ."

"ಹಿಡಿಕೆ ಮಾಡಿದ್ದು ನೀನೇ ತಾನೆ," ಎಂದು ಅವಳು ನಕ್ಕು, ಅವನ ಕೆನ್ನೆ ತಟ್ಟಿ, ಬನ್ನಿನ ತಟ್ಟೆ ಹಿಡಿದುಕೊಂಡು ಆಚೆ ಹೋದಳು. ಅವಳು ತಮಾಷೆಗೆ ಅಂದದ್ದು. ಓರಿನ್‌ಗೆ ಮಾತ್ರ ಆ ಮಾತು ಮುಳ್ಳಿನ ಹಾಗೆ ನಟ್ಟಿತು. ತಲೆ ಹಗುರ ಇರಲಿ ಎಂದಿದ್ದ ಹಾರ್ಲನ್. ಉಳಿ ಗಂಟಿನ ಹತ್ತಿರ ಬಂದಾಗಲೆಲ್ಲ ಕೈ ಹಟ ಹಿಡಿದದ್ದು ಇವನಿಗೆ ಚೆನ್ನಾಗಿ ನೆನಪಿತ್ತು, ಒಂದೊಂದು ಸಲವೂ ನೆನಪಿತ್ತು. ನೆನಪು ನೆಟ್ಟಗಿದೆ ಎಂದು ಈಗ ತಾನೆ ಕುಣಿದದ್ದು. ನೆಟ್ಟಗಿದ್ದ ಮೇಲೆ ಈ ನೆನಪನ್ನೂ ಇಟ್ಟುಕೊಳ್ಳಲೇಬೇಕಾಯಿತು. ಮರದ ಚೆಲುವಿಗೆ ಬಿಟ್ಟೆನೋ, ಹಾರ್ಲನ್ ಬೇಡ ಎಂದದ್ದಕ್ಕೆ ಬಿಟ್ಟೆನೋ? ಅವನಿಗೆ ಗೊತ್ತಾಗಲಿಲ್ಲ. ಅಂಗೈಯ ಕೆಳಗೆ ಗಂಟು ನುಣ್ಣಗೆ, ಬೆಚ್ಚಗೆ ಇತ್ತು.

ಜನ ಮತ್ತೆ ಸಾಲಾಗಿ ಬರತೊಡಗಿದರು. ಹಿಡಿಕೆ ಬಿಟ್ಟರೆ ಬೀಳುತ್ತಿತ್ತು, ಆದ್ದರಿಂದ ಓರಿನ್ ಬಿಡಲಿಲ್ಲ. ಬಂದವರ ಲೋಟಕ್ಕೆ ತಾನೇ ಎಳೆದ, ತಾನೇ ಮುಚ್ಚಿದ, ಮುಚ್ಚಿ ಹಿಡಿದುಕೊಂಡೇ ನಿಂತ. ಬಿಸಿಲು ಗರಾಜಿನ ಒಳಗಿನವರೆಗೆ ಬಂತು. ಯಾರೋ ಹಾರ್ಲನ್‌ನ ಆ ಹಳೆಯ ಬಸ್ಸಿನ ತಮಾಷೆಯನ್ನು ಎತ್ತಿ ಆಡಿದರು, ಎಲ್ಲರೂ ನಕ್ಕರು, ನಕ್ಕು, ಇನ್ನೊಂದು ಲೋಟಕ್ಕೆ ಕೈ ಚಾಚಿದರು. ಭುಜ ಸೋಲತೊಡಗಿದಾಗ ಮಾರ್ಲಿಸ್ ಬಂದು ಪಕ್ಕದಲ್ಲಿ ನಿಂತಳು.

"ಗುರುವಾರ ನಂಗೆ ಸುಳ್ಳು ಹೇಳಿದೆ," ಅಂದಳು.

"ಹೂಂ."

"ಹೆದರಿಕೊಂಡಿದ್ದಾ?"

"ಹೂಂ." ಅವನು ನಲ್ಲಿಯನ್ನೇ ನೋಡುತ್ತ ಹೇಳಿದ, "ಸೋಮವಾರ ಹೋಗೋಣ. ಆ ಡಾಕ್ಟರ ಹತ್ರ. ಗಡಿಯಾರ ಬರೆಯೋಕೆ ಬರುತ್ತೆ ನಂಗೆ."

"ಗೊತ್ತು," ಅಂದಳು ಮಾರ್ಲಿಸ್. "ಮರದ ಹುಡೀಲಿ ನೋಡಿದೀನಿ. ಒಂದ್ಸಲ ನೀನು ಊದೋದು ಮರೆತಿದ್ದೆ." ಅವಳು ಕೈ ಎತ್ತಿ ಹಿಡಿಕೆಯ ಗಂಟನ್ನು ಅವನ ಕೈಯ ಮೇಲಿಂದಲೇ ಹಿಡಿದುಕೊಂಡಳು. "ಹೋಗಿ ಏನಾದ್ರೂ ತಿನ್ನು. ಅಲ್ಲೀವರೆಗೂ ನಾನು ಹಿಡ್ಕೊಂಡಿರ್ತೀನಿ."